ಕುಮಟಾದಿಂದ ಗೋಕರ್ಣಕ್ಕೆ ದಂಡೆಗುಂಟ ಒಂದೇ ದಿನದಲ್ಲಿ: ಹೊರಡುವ ಮೊದಲು ಪಂಚಾಂಗ ನೋಡಿ

ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾಯಿತೆಂದರೆ ನಾಲ್ಕು ಕಡೆಯಿಂದ ಒಂದೇ ಪ್ರಶ್ನೆ: "ಕುಮಟಾದಿಂದ ಗೋಕರ್ಣಕ್ಕೆ ಸಮುದ್ರದ ದಂಡೆ ಹಿಡಿದೇ ನಡೆದು ಹೋಗಬಹುದಂತೆ, ಒಂದು ದಿನ ಸಾಕಾ?" ಸಾಕು. ಎಲ್ಲರಿಗೂ ಸಾಕಾಗುವುದಿಲ್ಲ, ಎಲ್ಲ ದಿನವೂ ಸಾಕಾಗುವುದಿಲ್ಲ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಬೇಸತ್ತು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ದಾರಿಯ ಅಂದಾಜು. ಕುಮಟಾ ಪೇಟೆಯ ಪಕ್ಕದ ವನ್ನಳ್ಳಿ ಕಡಲತೀರದಿಂದ ಹೊರಟು ಹೊಲನಗದ್ದೆ, ಕಡ್ಲೆ, ಗುಡೇಅಂಗಡಿ, ಬಾಡ, ಕಾಗಾಲ ಊರುಗಳ ದಂಡೆ ದಾಟಿ ಅಘನಾಶಿನಿ. ಅಲ್ಲಿ ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳು, ಕೊನೆಗೆ ಗೋಕರ್ಣ. ಎಲ್ಲಿ ಗುಡ್ಡ ಹತ್ತುತ್ತೀರಿ, ಎಲ್ಲಿ ಊರ ರಸ್ತೆ ಹಿಡಿಯುತ್ತೀರಿ ಎಂಬುದರ ಮೇಲೆ ಒಟ್ಟು 22ರಿಂದ 25 ಕಿಲೋಮೀಟರ್. ಎತ್ತರದ ಬೆಟ್ಟ ಒಂದೂ ಇಲ್ಲ. ಆದರೆ ಒಂದು ಮರಳ ದಂಡೆಗೂ ಮುಂದಿನದಕ್ಕೂ ನಡುವೆ ಕಡಲೊಳಗೆ ಮೂತಿ ಚಾಚಿದ ಒಂದೊಂದು ಚಿರೆಕಲ್ಲಿನ ಗುಡ್ಡ ಕೂತಿದೆ. ಪ್ರತಿ ಸಲ ಹತ್ತಬೇಕು, ಇಳಿಯಬೇಕು. ಪಶ್ಚಿಮ ಘಟ್ಟದ ಚಾರಣ ಮಾಡಿದವರೂ ಇಲ್ಲಿ ಸುಸ್ತಾಗುವುದು ಇದಕ್ಕೇ. ಜೊತೆಗೆ ಉಸುಕಿನ ಮೇಲಿನ ನಡಿಗೆ, ನೆತ್ತಿಯ ಮೇಲೆ ಬಿಸಿಲು.

ನಿಮ್ಮಿಂದ ಆಗುತ್ತದೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಐದು ಕಿಲೋ ತೂಕದ ಚೀಲ ಬೆನ್ನಿಗೆ ಹಾಕಿಕೊಂಡು ನಿಮ್ಮೂರಿನಲ್ಲೇ 15 ಕಿಲೋಮೀಟರ್ ನಡೆಯಿರಿ. ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಗದಿದ್ದರೆ ಮುಂದೆ ಓದಿ. ಹಿಡಿಯಬೇಕಾದರೆ ಈ ಲೇಖನದ ಕೊನೆಯ ಭಾಗಕ್ಕೆ ಹೋಗಿ, ನಿಮಗಾಗಿ ಅರ್ಧ ದಿನದ ದಾರಿ ಇದೆ.

1. ದಿನ ಆರಿಸುವುದು

ತಿಂಗಳು ಆರಿಸುವುದು ಕಷ್ಟವಲ್ಲ. ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಮಾರ್ಚ್ ಬಂತೆಂದರೆ ಬಿಸಿಲಿಗಿಂತ ಸೆಕೆಯೇ ಹಣಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ಯೋಚನೆಯೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಡಲಲ್ಲೇ ಹುಟ್ಟಿ ಬೆಳೆದವರು ದೋಣಿ ಮೇಲೆಳೆದು ಕೂತಿರುವಾಗ ನಾವು ಬಂಡೆಯ ಬುಡದಲ್ಲಿ ನಡೆಯಲು ಹೋಗುವುದರಲ್ಲಿ ಅರ್ಥವಿಲ್ಲ. ಅಕ್ಟೋಬರ್‌ನಲ್ಲಿ ಮಳೆ ನಿಂತಿದ್ದರೂ ಬಂಡೆಯ ಪಾಚಿ ಒಣಗಿರುವುದಿಲ್ಲ.

ಕಷ್ಟ ಇರುವುದು ದಿನ ಆರಿಸುವುದರಲ್ಲಿ. ಹೆಚ್ಚಿನವರು ರಜೆ ನೋಡಿ ದಿನ ಗೊತ್ತುಮಾಡುತ್ತಾರೆ. ಈ ದಾರಿಯಲ್ಲಿ ಗಡಿಯಾರ ನಿಮ್ಮದಲ್ಲ, ಕಡಲಿನದು.

ಭರತ ಎಂದರೆ ಸಮುದ್ರದ ನೀರು ಏರುವುದು, ಇಳಿತ ಎಂದರೆ ತಗ್ಗುವುದು. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಆರು ಗಂಟೆ ಚಿಲ್ಲರೆ. ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಳಿತದಲ್ಲಿ ಅಗಲವಾದ, ಒದ್ದೆಯಾದ, ಗಟ್ಟಿ ಉಸುಕು ಸಿಗುತ್ತದೆ. ಅದರ ಮೇಲೆ ಡಾಂಬರು ರಸ್ತೆಯ ಹಾಗೆ ನಡೆಯಬಹುದು. ಭರತದಲ್ಲಿ ನೀರು ಮೇಲೆ ಬಂದು ನಿಮ್ಮನ್ನು ಒಣ ಉಸುಕಿಗೆ ತಳ್ಳುತ್ತದೆ. ಅಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಇದು ಬರೀ ಸುಸ್ತಿನ ಮಾತು. ಬೇಲೆಕಾನದಿಂದ ಓಂವರೆಗಿನ ಬಂಡೆಗಳಲ್ಲಿ ಮಾತ್ರ ಭರತ ಅಪಾಯದ ಮಾತು. ಮಧ್ಯಾಹ್ನದ ಮೇಲೆ ನೀವು ಅಲ್ಲಿರುವಾಗ ನೀರು ಕೆಳಗಿರಬೇಕು. ಅಂದರೆ ಇಳಿತದ ತಳ ಮಧ್ಯಾಹ್ನ ಒಂದೂವರೆಯಿಂದ ಮೂರರ ನಡುವೆ ಬೀಳುವ ದಿನ ನಿಮಗೆ ಬೇಕು.

ಅದಕ್ಕೇ ಪಂಚಾಂಗ. ಕೊಂಕಣ ತೀರದಲ್ಲಿ ಒಂದು ಹಳೆಯ ಬಾಯಿಲೆಕ್ಕ ಇದೆ: ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ, ಬರುವುದೇ ಭರತದ ಗಂಟೆ. ಏಕಾದಶಿ ಎಂದರೆ ಹನ್ನೊಂದರ ಮುಕ್ಕಾಲು, ಎಂಟೂಕಾಲು. ಅದಕ್ಕೆ ಆರು ಗಂಟೆ ಚಿಲ್ಲರೆ ಸೇರಿಸಿದರೆ ಇಳಿತದ ತಳ ಎರಡೂವರೆಯ ಹೊತ್ತಿಗೆ. ಈ ಲೆಕ್ಕ ಮುಂಬೈ ಕಡೆಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಕಡೆ ಹೊತ್ತು ಸ್ವಲ್ಪ ಮುಂಚೆಯೇ ಬರುತ್ತದೆ, ಸುಮಾರು ಒಂದು ಗಂಟೆ ಕಳೆದುಕೊಳ್ಳಿ. ಶುಕ್ಲವಾಗಲಿ ಕೃಷ್ಣವಾಗಲಿ, ಏಕಾದಶಿ, ದ್ವಾದಶಿ ಆಸುಪಾಸಿನ ದಿನಗಳು ನಿಮ್ಮವು. ಉಪವಾಸ ಮಾಡುವವರು ದ್ವಾದಶಿಗೇ ಹೊರಡಿ, ಹಸಿದ ಹೊಟ್ಟೆಯಲ್ಲಿ ನಡೆಯುವ ದಾರಿ ಇದಲ್ಲ.

ಇದು ದಿನ ಗುರುತು ಹಾಕಿಕೊಳ್ಳಲು ಮಾತ್ರ. ನಿಜವಾದ ಹೊತ್ತಿಗೆ ಕಾರವಾರದ ಭರತ-ಇಳಿತದ ಕೋಷ್ಟಕ ನೋಡಿ, ಮೊಬೈಲಿನಲ್ಲೇ ಸಿಗುತ್ತದೆ. ಗೋವಾದ್ದೋ ಮಂಗಳೂರಿನದೋ ನೋಡಿ ಹೊರಡಬೇಡಿ.

ಎರಡು ತಪ್ಪು ಮತ್ತೆ ಮತ್ತೆ ನೋಡುತ್ತೇನೆ. ಒಂದು, "ಹುಣ್ಣಿಮೆ ದಿನ ಹೋಗೋಣ, ಕತ್ತಲಾದರೂ ಬೆಳದಿಂಗಳಿರುತ್ತದೆ" ಎನ್ನುವುದು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭರತ ಎಲ್ಲ ದಿನಕ್ಕಿಂತ ದೊಡ್ಡದು, ಅದೂ ನಡುಹಗಲಿನ ಹೊತ್ತಿಗೆ ಬರುತ್ತದೆ. ಇನ್ನೊಂದು, ಶಿವರಾತ್ರಿಗೆ ನಡೆದು ಹೋಗಿ ಮಹಾಬಲೇಶ್ವರನ ದರ್ಶನ ಮಾಡುವ ಆಸೆ. ಶಿವರಾತ್ರಿ ಕೃಷ್ಣ ಚತುರ್ದಶಿ, ಇಳಿತ ಸಂಜೆಯ ಕಡೆಗೆ ಸರಿದಿರುತ್ತದೆ. ಗೋಕರ್ಣದಲ್ಲಿ ಕಾಲಿಡಲು ಜಾಗವೂ ಇರುವುದಿಲ್ಲ. ಭಕ್ತಿಗೆ ಬಸ್ಸಿದೆ.

ಪಂಚಮಿ, ಷಷ್ಠಿಯೇ ನಿಮ್ಮ ರಜೆಗೆ ಸಿಕ್ಕಿತೋ? ಇಳಿತ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಬರುತ್ತದೆ. ಆಗ ಗೋಕರ್ಣದಿಂದ ಹೊರಟು ಬಂಡೆಗಳನ್ನು ಬೆಳಿಗ್ಗೆಯೇ ಮುಗಿಸಿ ಕುಮಟಾಕ್ಕೆ ಬನ್ನಿ. ಮೈ ಹೊಸದಿರುವಾಗಲೇ ಕಷ್ಟದ ಭಾಗ ಮುಗಿಯುತ್ತದೆ. ಆದರೆ ದಕ್ಷಿಣಕ್ಕೆ ವಾಲಿದ ಡಿಸೆಂಬರ್ ಸೂರ್ಯ ದಿನವಿಡೀ ಮುಖಕ್ಕೇ ಹೊಡೆಯುತ್ತಾನೆ. ಕುಮಟಾದಿಂದ ಹೊರಟರೆ ಬೆನ್ನ ಮೇಲಿರುತ್ತಾನೆ. ಇಲ್ಲಿ ನಾನು ಕುಮಟಾದಿಂದ ಗೋಕರ್ಣದ ದಿಕ್ಕಿನಲ್ಲೇ ಹೇಳುತ್ತೇನೆ.

ಹೊರಡುವ ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನೂ ನೋಡಿ. ಸಮುದ್ರದ ಸ್ಥಿತಿಗತಿ ಗಮನಿಸಿ ಎಚ್ಚರಿಕೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಗಾಳಿಯಿಲ್ಲ, ಮೋಡವಿಲ್ಲ, ಕಡಲು ಮಾತ್ರ ಉಕ್ಕುತ್ತಿದೆ ಎನ್ನುವ ದಿನಗಳಿರುತ್ತವೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ಬಡಿಯುತ್ತದೆ. ಕೇರಳದವರು ಇದಕ್ಕೆ ಕಳ್ಳಕಡಲು ಎನ್ನುತ್ತಾರೆ. ಎಚ್ಚರಿಕೆ ಇದ್ದರೆ ನಡಿಗೆ ಇನ್ನೊಂದು ಏಕಾದಶಿಗೆ.

2. ಚೀಲದಲ್ಲಿ ಏನಿರಬೇಕು

ನೀರು, ತಲಾ 3 ಲೀಟರ್. ಅಘನಾಶಿನಿಯಲ್ಲೋ ತದಡಿಯಲ್ಲೋ ಮತ್ತೆ ತುಂಬಿಸಿಕೊಳ್ಳಿ. ಬೇಲೆಕಾನ ಬಿಟ್ಟ ಮೇಲೆ ಹಾಫ್ ಮೂನಿನಲ್ಲಿ ಅಂಗಡಿ ತೆರೆದಿದ್ದರೆ ನಿಮ್ಮ ಪುಣ್ಯ, ಇಲ್ಲವಾದರೆ ಓಂ ತನಕ ಇಲ್ಲ. ಎರಡು ಪೊಟ್ಟಣ ಓಆರ್‌ಎಸ್. ಬೆವರಿನೊಡನೆ ಹೋದ ಉಪ್ಪಿಗೆ ಬರೀ ನೀರು ಸಾಲದು.

ಕಾಲಿಗೆ ಹಳೆಯ, ತಳ ಸವೆಯದ ಬೂಟು. ಹೊಸ ಬೂಟು ಹಾಕಿಕೊಂಡು ಬಂದವರು ಬಾಡದ ಹೊತ್ತಿಗೆ ಹಿಮ್ಮಡಿಯ ಬೊಬ್ಬೆ ನೋಡಿಕೊಳ್ಳುತ್ತಾ ಕೂರುತ್ತಾರೆ. ಮರಳ ಮೇಲೆ ಬರಿಗಾಲಲ್ಲಿ ನಡೆಯುವ ಆಸೆ ಎಲ್ಲರಿಗೂ ಆಗುತ್ತದೆ, ಒಂದಷ್ಟು ದೂರ ನಡೆಯಿರಿ. ಬಂಡೆ ಬಂದ ಕೂಡಲೇ ಮಾತ್ರ ಬೂಟು ಹಾಕಿ. ಬಂಡೆಗಂಟಿದ ಚಿಪ್ಪುಗಳ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಒದ್ದೆ ಕಾಲುಚೀಲದೊಳಗೆ ಉಸುಕು ಸೇರಿದರೆ ಅದು ಉಪ್ಪುಕಾಗದದಂತೆ ಚರ್ಮ ಉಜ್ಜುತ್ತದೆ. ಆದ್ದರಿಂದ ಎರಡು ಜೊತೆ ಹೆಚ್ಚಿನ ಕಾಲುಚೀಲ ಇಡಿ. ತೂಕ ಏನೂ ಇಲ್ಲ, ಉಪಕಾರ ದೊಡ್ಡದು.

ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ, ಒಂದು ಪಂಚೆ. ಬಿಸಿಲಲ್ಲಿ ಕತ್ತಿನ ಹಿಂದೆ ಹೊದೆಯಲು, ಊಟಕ್ಕೆ ಕೂರಲು ಪಂಚೆಯೇ ಆಗುತ್ತದೆ. ಗಂಡಸರಿಗೆ ಮಹಾಬಲೇಶ್ವರ ದೇವಸ್ಥಾನದ ಒಳಗೆ ಹೋಗಲೂ ಅದೇ ಬೇಕು. ಟಾರ್ಚ್, ಪೀಪಿ, ಪವರ್ ಬ್ಯಾಂಕ್, ಗಾಯಕ್ಕೆ ಪಟ್ಟಿ. ಮೊಬೈಲು, ದುಡ್ಡು ಪ್ಲಾಸ್ಟಿಕ್ ಚೀಲದೊಳಗೆ. ಚಿಲ್ಲರೆ ನೋಟು ಇರಲಿ, ದೋಣಿಯವನ ಹತ್ತಿರ ಮೊಬೈಲ್ ಸಿಗ್ನಲ್ ಹುಡುಕುತ್ತಾ ನಿಲ್ಲಬೇಡಿ.

ತಿನ್ನಲು ಒಗ್ಗರಣೆ ಅವಲಕ್ಕಿ, ಶೇಂಗಾ ಚಿಕ್ಕಿ, ಬಾಳೆಹಣ್ಣು. ಬೆಳಿಗ್ಗೆ ಕುಮಟಾದಲ್ಲಿ ಬಿಸಿ ಬನ್ಸ್ ಸಿಕ್ಕರೆ ನಾಲ್ಕು ಕಟ್ಟಿಸಿಕೊಳ್ಳಿ. ತಣ್ಣಗಾದರೂ ಕೆಡುವುದಿಲ್ಲ, ಹಿಂಡಿದರೂ ಪುಡಿಯಾಗುವುದಿಲ್ಲ.

3. ಹಿಂದಿನ ರಾತ್ರಿ

ಕುಮಟಾದಲ್ಲಿ ಉಳಿಯಿರಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಇಳಿದ ಕೂಡಲೇ ನಡೆಯಲು ಶುರುಮಾಡುವುದು ಬೆಂಗಳೂರಿನವರ ಚಟ. ಮಧ್ಯಾಹ್ನ ಎರಡರ ಹೊತ್ತಿಗೆ ಅದರ ಬಡ್ಡಿ ಕಟ್ಟಬೇಕಾಗುತ್ತದೆ, ಅದೂ ಬಂಡೆಯ ಮೇಲೆ. ದಾರಿಯ ಕೆಲವು ಕಡೆ ಹೋಗಲು ಬಿಡುತ್ತಿದ್ದಾರೋ ಇಲ್ಲವೋ ಎಂದು ಸ್ಥಳೀಯರನ್ನೋ ಪೊಲೀಸ್ ಠಾಣೆಯನ್ನೋ ಕೇಳಿಕೊಳ್ಳಿ, ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮನೆಯವರಿಗೆ "ಸಂಜೆ ಏಳರೊಳಗೆ ಫೋನ್ ಮಾಡುತ್ತೇನೆ" ಎಂದು ಹೊತ್ತು ಹೇಳಿಡಿ. ಒಬ್ಬರೇ ಹೊರಡಬೇಡಿ. ಮೂರು ಜನ ಇದ್ದರೆ ಒಬ್ಬರಿಗೆ ಕಾಲು ಉಳುಕಿದರೂ ಒಬ್ಬರು ಜೊತೆಗಿದ್ದು ಇನ್ನೊಬ್ಬರು ಸಹಾಯ ಕರೆಯಲು ಹೋಗಬಹುದು.

4. ವನ್ನಳ್ಳಿಯಿಂದ ಅಘನಾಶಿನಿ: ಬೆಳಿಗ್ಗೆ 6.45ರಿಂದ 11.30

ಪೇಟೆಯಿಂದ ವನ್ನಳ್ಳಿಗೆ ರಿಕ್ಷಾ ಮಾಡಿ. ಬೆಳಕು ಹರಿಯುತ್ತಿದ್ದಂತೆ ಕಾಲು ಉಸುಕಿನ ಮೇಲಿರಲಿ. ಇಡೀ ದಿನಕ್ಕೆ ದಿಕ್ಕಿನ ಸೂತ್ರ ಒಂದೇ: ಸಮುದ್ರ ಎಡಗಡೆಗೆ.

ಏಕಾದಶಿಯ ಲೆಕ್ಕದಲ್ಲಿ ಬಂದಿದ್ದರೆ ಮೊದಲ ಒಂದೆರಡು ಗಂಟೆ ನೀರು ಮೇಲೇ ಇರುತ್ತದೆ. ಸ್ವಲ್ಪ ಮೆತ್ತನೆಯ ಉಸುಕಿನಲ್ಲಿ ನಡೆಯಬೇಕಾಗುತ್ತದೆ, ಗಾಬರಿ ಬೇಡ. ಹೊತ್ತು ಏರುತ್ತಿದ್ದಂತೆ ದಂಡೆ ಅಗಲವಾಗುತ್ತದೆ. ಗುಡ್ಡ ಎದುರಾದಾಗ ಬುಡದ ಬಂಡೆಗಳ ಮೇಲೆ ಹಾಯುವ ಧೈರ್ಯ ಈ ಹೊತ್ತಿನಲ್ಲಿ ಮಾಡಬೇಡಿ, ಮೇಲಿನ ಕಾಲುದಾರಿಯನ್ನೋ ಊರ ರಸ್ತೆಯನ್ನೋ ಹಿಡಿಯಿರಿ. ರಸ್ತೆಯಲ್ಲಿ ನಡೆದರೆ ದಂಡೆಯ ನಡಿಗೆ ಆಯಿತೇ ಎಂದು ಕೆಲವರಿಗೆ ಬೇಜಾರು. ಬಾಡದಲ್ಲಿ ಕಾಂಚಿಕಾ ಪರಮೇಶ್ವರಿ ದೇವಸ್ಥಾನದ ಕಡೆ ಹಾದು, ತೆಂಗಿನ ತೋಟಗಳ ನಡುವಿನ ನೆರಳಲ್ಲಿ ಐದು ನಿಮಿಷ ನಡೆದರೆ ಆ ಬೇಜಾರು ಹೋಗುತ್ತದೆ.

ಈ ಭಾಗದ ದಂಡೆ ಪ್ರವಾಸಿಗರದ್ದಲ್ಲ, ಮೀನುಗಾರರದ್ದು. ಅದನ್ನು ನೆನಪಿಟ್ಟು ನಡೆಯಿರಿ. ಒಣಗಲು ಹರಡಿದ ಮೀನು, ಬಲೆ ತುಳಿಯಬೇಡಿ. ಸಾಲಾಗಿ ನಿಂತು ಹಗ್ಗ ಎಳೆಯುತ್ತಿರುವವರು ಕಂಡರೆ ಅದು ರಂಪಣಿ. ದಂಡೆಯಿಂದಲೇ ಎರಡೂ ತುದಿ ಹಿಡಿದು ಎಳೆಯುವ ದೊಡ್ಡ ಬಲೆ. ಎಳೆಯುವವರಿಗೂ ನೀರಿಗೂ ನಡುವೆ ನುಗ್ಗಬೇಡಿ, ಅವರ ಬೆನ್ನ ಹಿಂದಿನಿಂದ ಸುತ್ತಿಕೊಂಡು ಹೋಗಿ. ಬಲೆ ದಡಕ್ಕೆ ಬರುವ ಹೊತ್ತಾಗಿದ್ದರೆ ಹತ್ತು ನಿಮಿಷ ನಿಂತು ನೋಡಿ. ನೀರಿನಂಚಿನಲ್ಲಿ ಮೊದಲು ಬೆಳ್ಳಿಯ ಗೆರೆಯೊಂದು ಅಲುಗಾಡುತ್ತದೆ, ಆಮೇಲೆ ಅದಕ್ಕೆ ಸದ್ದು ಬರುತ್ತದೆ. ಹಾಗೆಯೇ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡುವ ಕಾಲ. ಬಲೆಯ ಬೇಲಿ ಕಟ್ಟಿ ಫಲಕ ಹಾಕಿದ ಜಾಗ ಕಂಡರೆ ದೂರದಿಂದಲೇ ಸಾಗಿ.

ಕಾಗಾಲದ ಉದ್ದನೆಯ ದಂಡೆಗೆ ಈಗ ನಿರ್ವಾಣ ಬೀಚ್ ಎನ್ನುತ್ತಾರೆ. ಹಿಂದೆ ಗಾಳಿಮರದ ಸಾಲು, ಮುಂದೆ ನೇರ ಗೆರೆ ಎಳೆದಂಥ ತೀರ. ಅಂತ್ಯ ಕಾಣುತ್ತಿರುತ್ತದೆ, ಹತ್ತಿರ ಬರುವುದಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಸ್ನಾನಕ್ಕೆ ಇಳಿಯುವುದು. ಹತ್ತು ನಿಮಿಷ ಎಂದು ಇಳಿದು ಮುಕ್ಕಾಲು ಗಂಟೆ ಕಳೆಯುತ್ತೀರಿ, ಒದ್ದೆ ಬಟ್ಟೆಯ ಉಪ್ಪು ತೊಡೆಸಂದಿಯಲ್ಲಿ ಉಜ್ಜಿ ಉಜ್ಜಿ ಸಂಜೆವರೆಗೆ ಉರಿಯುತ್ತದೆ. ಜೀವರಕ್ಷಕರಿಲ್ಲದ ದಂಡೆ ಬೇರೆ. ಸ್ನಾನ ಏನಿದ್ದರೂ ಕುಡ್ಲೆಯಲ್ಲಿ.

5. ತಾರಿ

ತಾರಿ ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಅಘನಾಶಿನಿ ಊರಿನ ಧಕ್ಕೆಯಿಂದ ಎದುರಿನ ತದಡಿಗೆ ದೋಣಿ ಹೋಗುತ್ತದೆ. ಇಡೀ ದಿನದ ಕೀಲಿ ಇದು. ದೋಣಿ ತಪ್ಪಿದರೆ ನಡೆದು ದಾಟುವ ಮಾತಿಲ್ಲ, ಈಜುವ ಮಾತಂತೂ ಬೇಡವೇ ಬೇಡ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ, ಇಳಿತದ ಸೆಳೆತ ಮೇಲ್ನೋಟಕ್ಕೆ ಗೊತ್ತೇ ಆಗುವುದಿಲ್ಲ.

ದೋಣಿ ತುಂಬುವ ತನಕ ಕಾಯಬೇಕಾಗಬಹುದು, ಊಟದ ಹೊತ್ತಿಗೆ ತಡವಾಗಬಹುದು. ಅರ್ಧ ಗಂಟೆ ಕಾಯುವಿಕೆಯನ್ನು ಲೆಕ್ಕದೊಳಗೇ ಹಿಡಿಯಿರಿ. ಕಾಯುವಾಗ ನೋಡಲು ಬೇಕಾದಷ್ಟಿದೆ. ಅಘನಾಶಿನಿ ಎಲ್ಲಿಯೂ ಅಣೆಕಟ್ಟು ಕಾಣದೆ ಶಿರಸಿ ಸೀಮೆಯಿಂದ ಇಲ್ಲಿಗೆ ಬರುವ ನದಿ. ಈ ಅಳಿವೆ 2024ರಲ್ಲಿ ರಾಮ್ಸರ್ ತಾಣ ಎಂದು ಘೋಷಣೆಯಾಯಿತು. ಜಗತ್ತಿನ ಮುಖ್ಯ ಜೌಗು ನೆಲೆಗಳ ಪಟ್ಟಿ ಅದು. ನೀರು ಇಳಿದಾಗ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಲ್ಲಿ ನಿಂತು ಕಾಲಲ್ಲೇ ತಡವಿ ಬಳಚು ಎತ್ತುತ್ತಿರುತ್ತಾರೆ. ಬಳಚು ಎಂದರೆ ಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ, ಈ ಸೀಮೆಯ ಅಡುಗೆಮನೆಗೆ ದೊಡ್ಡ ಆಧಾರ.

ಮಧ್ಯಾಹ್ನ 12.30ರೊಳಗೆ ಈ ಧಕ್ಕೆ ಮುಟ್ಟದಿದ್ದರೆ ಅವತ್ತಿನ ನಡಿಗೆ ಇಲ್ಲಿಗೇ ಸಾಕು. ದೋಣಿ ದಾಟಿ ತದಡಿಯಿಂದ ಬಸ್ಸೋ ರಿಕ್ಷಾವೋ ಹಿಡಿದು ಗೋಕರ್ಣಕ್ಕೆ ಹೋಗಿ, ಇಲ್ಲವೇ ಈ ಕಡೆಯಿಂದಲೇ ಕುಮಟಾಕ್ಕೆ ವಾಪಸಾಗಿ. ಇದನ್ನು ಬೆಳಿಗ್ಗೆ ಹೊರಡುವಾಗಲೇ ಎಲ್ಲರೆದುರು ಹೇಳಿ ಒಪ್ಪಿಸಿಡಿ. ಧಕ್ಕೆಯ ಮೇಲೆ ನಿಂತು ಚರ್ಚೆಗಿಳಿದರೆ "ಇನ್ನೇನು ಸ್ವಲ್ಪವೇ" ಎನ್ನುವವನೇ ಗೆಲ್ಲುವುದು.

6. ತದಡಿಯಿಂದ ಬೇಲೆಕಾನ

ತದಡಿ ಮೀನುಗಾರಿಕೆ ಬಂದರು. ಇಲ್ಲೇ ಊಟ ಮಾಡಿ, ನೀರು ತುಂಬಿಸಿ, ಕಾಲುಚೀಲ ಬದಲಿಸಿ. ಹೊಟ್ಟೆ ಬಿರಿಯುವಂತೆ ಮೀನೂಟ ಮಾಡಿದರೆ ಮುಂದಿನ ಗುಡ್ಡ ನಿಮ್ಮನ್ನು ಹತ್ತುತ್ತದೆ. ಅರ್ಧ ಹೊಟ್ಟೆ ಸಾಕು, ಉಳಿದದ್ದು ರಾತ್ರಿಗೆ. ಬೇಲೆಕಾನಕ್ಕೆ ರಸ್ತೆಯಲ್ಲೇ ನಡೆಯಬಹುದು, ಹೇಳುವಂಥದ್ದೇನೂ ಇಲ್ಲ.

ಬೇಲೆಕಾನದ ದಂಡೆ ರಸ್ತೆ ಮುಟ್ಟುವ ಜಾಗ. ಮುಂದಿನ ರಸ್ತೆ ಸಿಗುವುದು ಓಂನಲ್ಲೇ. ಮಧ್ಯಾಹ್ನ 2.30 ದಾಟಿದ್ದರೆ, ಯಾರಿಗಾದರೂ ತಲೆ ಸುತ್ತುತ್ತಿದ್ದರೆ, ಬೆವರು ನಿಂತು ಮೈ ಬಿಸಿಯಾಗಿದ್ದರೆ ಇಲ್ಲೇ ನಿಲ್ಲಿಸಿ. ಬಿಸಿಲಿನ ಹೊಡೆತಕ್ಕೆ ಬೆವರು ನಿಲ್ಲುವುದು ಕೆಟ್ಟ ಲಕ್ಷಣ. ಅಂಥವರನ್ನು ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ಕೂಡಲೇ 108ಕ್ಕೆ ಕರೆ ಮಾಡಿ.

7. ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ: ನಿಜವಾದ ಪರೀಕ್ಷೆ

ನಕ್ಷೆಯಲ್ಲಿ ಬೆರಳಗಲದ ದೂರ. ಎರಡು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಒಂದು ಸಣ್ಣ ತೀರ, ಮುಗಿಯುತ್ತಿದ್ದಂತೆ ಬಂಡೆಗಳ ರಾಶಿ, ಅದರ ಮೇಲೆ ಗುಡ್ಡದ ಕಾಲುದಾರಿ, ಮತ್ತೆ ಇಳಿದರೆ ಇನ್ನೊಂದು ಸಣ್ಣ ತೀರ. ಮೂರು ಸಲ ಹೀಗೆ.

ಬಂಡೆಯ ಬಣ್ಣ ಓದುವುದು ಕಲಿಯಿರಿ. ಒಣಗಿದ ಬೂದು ಅಥವಾ ಕಂದು ಬಂಡೆ ನಂಬಿಕಸ್ಥ. ಕಪ್ಪಗೆ ಹೊಳೆಯುವುದು, ಹಸಿರು ಹಚ್ಚಿದಂತಿರುವುದು ಪಾಚಿ. ಅಲ್ಲಿ ಎಂಥ ಬೂಟೂ ನಿಲ್ಲುವುದಿಲ್ಲ. ಒದ್ದೆ ಗೆರೆಯ ಮೇಲೆಯೇ ನಡೆಯಿರಿ, ಅಂದರೆ ಅಲೆ ಮುಟ್ಟುವ ಗುರುತಿಗಿಂತ ಎತ್ತರದಲ್ಲಿ. ಕೈಯಲ್ಲಿ ಮೊಬೈಲ್ ಬೇಡ, ಎರಡೂ ಕೈ ಬಂಡೆಗೆ ಬೇಕು. ಬಂಡೆಯ ತುದಿಯಲ್ಲಿ ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವುದು ಈ ದಾರಿಯ ಅತಿ ದೊಡ್ಡ ಅಪಾಯ. ಹತ್ತಾರು ಅಲೆ ಪಾದದ ಕೆಳಗೇ ಒಡೆದು ವಾಪಸಾಗುತ್ತವೆ. ಆಮೇಲೆ ಬರುವ ಒಂದು ಮೊಣಕಾಲಿಗೆ ಬಂದು ಎಳೆದುಕೊಂಡು ಹೋಗುತ್ತದೆ. ಗೋಕರ್ಣದ ಬಂಡೆಗಳಲ್ಲಿ ಹೀಗೆ ಜೀವ ಹೋಗಿದೆ, ಒಂದಲ್ಲ ಎರಡಲ್ಲ.

ಗುಡ್ಡದ ಮೇಲಿನ ಕಷ್ಟವೇ ಬೇರೆ. ಮಳೆಗಾಲದಲ್ಲಿ ಬೆಳೆದ ಮುಳಿಹುಲ್ಲು ಡಿಸೆಂಬರ್ ಹೊತ್ತಿಗೆ ಹೊಂಬಣ್ಣಕ್ಕೆ ಒಣಗಿ ದಾರಿಗೆ ಅಡ್ಡ ಮಲಗಿರುತ್ತದೆ. ಅದರ ಅಡಿಯಲ್ಲಿ ಚಿರೆಕಲ್ಲಿನ ಉರುಟು ಹರಳು, ಗೋಲಿ ಚೆಲ್ಲಿದ ಹಾಗೆ. ಇಳಿಜಾರಿನಲ್ಲಿ ಕಾಲಿಟ್ಟರೆ ಎಣ್ಣೆ ಸವರಿದ ಚಾಪೆಯ ಮೇಲೆ ಇಟ್ಟಂತೆ. ಅಡ್ಡಡ್ಡ ಪಾದ ಇಟ್ಟು, ಸಣ್ಣ ಹೆಜ್ಜೆಯಲ್ಲಿ, ಮೊಣಕಾಲು ಸ್ವಲ್ಪ ಬಾಗಿಸಿ ಇಳಿಯಿರಿ. ಗುಡ್ಡದಂಚಿನ ಚಿರೆಕಲ್ಲು ಗಟ್ಟಿ ಕಂಡರೂ ಅಡಿಯಲ್ಲಿ ಕಡಲು ಕೊರೆದು ಪೊಳ್ಳಾಗಿರಬಹುದು. ಅಂಚಿಗೆ ಹೋಗಬೇಡಿ.

ಇನ್ನು ದಾರಿ ತಪ್ಪುವ ವಿಚಾರ, ಎಲ್ಲರೂ ಎಡವುವುದು ಇಲ್ಲೇ. ಗುಡ್ಡದ ಮೇಲೆ ಕಾಲುದಾರಿ ಒಂದಲ್ಲ, ಹತ್ತಿವೆ. ಗಾಳ ಹಾಕುವವರು ತಮ್ಮ ತಮ್ಮ ಬಂಡೆಗೆ ಇಳಿಯಲು ಮಾಡಿಕೊಂಡ ದಾರಿಗಳು ಚೆನ್ನಾಗಿ ಸವೆದು, ಸರಿಯಾದ ದಾರಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಪ್ಯಾರಡೈಸ್ ದಾಟಿದ ಮೇಲೆ ಅಂಥದ್ದೊಂದನ್ನು ಹಿಡಿದು ನಾನೂ ಒಮ್ಮೆ ಕೆಳಗಿಳಿದಿದ್ದೆ. ಕೊನೆಯಲ್ಲಿ ಸಿಕ್ಕಿದ್ದು ಒಂದು ಬಂಡೆ, ತುಂಡಾದ ಗಾಳದ ದಾರ, ಖಾಲಿ ಬೀಡಿ ಕಟ್ಟು. ಮುಂದೆ ನೀರು. ವಾಪಸ್ ಹತ್ತಿ ದಾರಿ ಹುಡುಕಲು ಮುಕ್ಕಾಲು ಗಂಟೆ ಹೋಯಿತು. ಆಮೇಲೆ ಮಾಡಿಕೊಂಡ ನಿಯಮ ಇದು: ದಾರಿ ಕವಲಾದಾಗ ಎಡಕ್ಕೆ ಇಳಿಯುವುದು ಗಾಳದವರದು, ಬಲಕ್ಕೆ ಏರುವುದು ನಿಮ್ಮದು. ಮುಂದಿನ ಮರಳ ತೀರ ಕಣ್ಣಿಗೆ ಬಿದ್ದ ಮೇಲೆಯೇ ಇಳಿಯಲು ಶುರುಮಾಡಿ. ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ಬಾಣದ ಗುರುತು ಅಲ್ಲಲ್ಲಿ ಕಾಣಬಹುದು. ಸಹಾಯಕ್ಕೆ ಸರಿ, ಅದೊಂದನ್ನೇ ನಂಬಿ ಹೋಗಬೇಡಿ.

ಪ್ಯಾರಡೈಸಿನಲ್ಲಿ ಟೆಂಟ್ ಹಾಕಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಹಾಫ್ ಮೂನ್ ಚಿಕ್ಕದು, ಚಂದದ್ದು. ನೆರಳಲ್ಲಿ ಹತ್ತು ನಿಮಿಷ ಕೂತು ಎದ್ದುಬಿಡಿ. ತಗ್ಗಿನ ತೀರಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ, ಫೋನ್ ಮಾಡಬೇಕಿದ್ದರೆ ಗುಡ್ಡದ ಮೇಲಿರುವಾಗಲೇ ಮಾಡಿ. ಕಾಲು ಸೋತರೆ ಇಲ್ಲಿಂದ ಪಾರಾಗುವ ದಾರಿ ದೋಣಿ. ಪ್ಯಾರಡೈಸಿನಿಂದ ಓಂ, ಕುಡ್ಲೆ ಕಡೆಗೆ ಪ್ರವಾಸಿ ದೋಣಿಗಳು ಓಡಾಡುತ್ತವೆ. ದರ ಮೊದಲೇ ಮಾತಾಡಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಇಲ್ಲ ಎಂದರೆ ಹತ್ತಬೇಡಿ.

8. ಓಂನಿಂದ ಗೋಕರ್ಣ

ಗುಡ್ಡದ ಮೇಲಿನಿಂದ ಓಂ ತೀರ ನೋಡಿದಾಗ ಹೆಸರು ಯಾಕೆ ಬಂತೆಂದು ಯಾರೂ ಹೇಳಬೇಕಿಲ್ಲ. ಎರಡು ಕಮಾನು, ನಡುವೆ ಬಂಡೆ. ಇಲ್ಲಿ ಹೋಟೆಲಿದೆ, ರಸ್ತೆಯಿದೆ, ರಿಕ್ಷಾ ಇದೆ. ಕುಡ್ಲೆಗೆ ಗುಡ್ಡ ಹತ್ತಿ ಇಳಿದರೆ ಅರ್ಧ ಗಂಟೆ, ಅಲ್ಲಿಂದ ಗೋಕರ್ಣಕ್ಕೆ ಇನ್ನೊಂದು ಅರ್ಧ ಗಂಟೆ. ಡಿಸೆಂಬರ್‌ನಲ್ಲಿ ಆರು ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಐದು ಗಂಟೆಗೆ ಇನ್ನೂ ಓಂನಲ್ಲೇ ಇದ್ದರೆ ರಿಕ್ಷಾ ಹತ್ತಿ, ನಾಚಿಕೆಪಡಬೇಕಾದ್ದಿಲ್ಲ.

ಕುಡ್ಲೆಯಲ್ಲಿ ನೀರಿಗಿಳಿಯುವವರು ಜೀವರಕ್ಷಕರು ನಿಂತ ಕಡೆಯಷ್ಟೇ ಇಳಿಯಿರಿ. ಅವರು ಸೀಟಿ ಊದುವುದು ತಮಾಷೆಗಲ್ಲ. ಅಲೆಗಳ ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದು, ನೊರೆ ಕಡಲಿನೊಳಗೆ ಹೋಗುತ್ತಿದ್ದರೆ ಅದು ಸೆಳೆತ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ. ಈಜು ಬಾರದವರಿಗೆ ಅದೇ ಸುರಕ್ಷಿತವಾಗಿ ಕಾಣುವುದು. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ.

9. ಫೋನಿನಲ್ಲಿ ಬರೆದಿಟ್ಟುಕೊಳ್ಳಿ

ಯಾವುದೇ ತುರ್ತಿಗೆ 112. ಆಂಬುಲೆನ್ಸ್ 108. ಕರಾವಳಿ ಕಾವಲು ಪೊಲೀಸ್ 1093. ಸಮುದ್ರದಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೋಸ್ಟ್ ಗಾರ್ಡ್ 1554. ಜೊತೆಯವನು ನೀರಿಗೆ ಬಿದ್ದರೆ ಹಿಂದೆಯೇ ಧುಮುಕಬೇಡಿ. ಖಾಲಿ ನೀರಿನ ಬಾಟಲಿಗಳ ಮುಚ್ಚಳ ಬಿಗಿದು ಪಂಚೆಯ ತುದಿಗೆ ಕಟ್ಟಿ ಎಸೆಯಿರಿ, ಪೀಪಿ ಊದಿ, ಹತ್ತಿರದ ದೋಣಿಯವರನ್ನು ಕೂಗಿ. ನೂರು ಪೊಲೀಸರಿಗಿಂತ ಅಲ್ಲೇ ಬಲೆ ಬಿಡಿಸುತ್ತಿರುವ ಮೀನುಗಾರ ಬೇಗ ಬರುತ್ತಾನೆ.

ಅರ್ಧ ದಿನದ ದಾರಿ

ಮಕ್ಕಳಿರುವವರು, ಮೊಣಕಾಲು ನೋವಿನವರು, ಬೊಬ್ಬೆಯ ಅನುಭವ ಬೇಡದವರು ಗೋಕರ್ಣದಲ್ಲೇ ಉಳಿದು ಬೆಳಿಗ್ಗೆ ಏಳಕ್ಕೆ ಕುಡ್ಲೆಗೆ, ಅಲ್ಲಿಂದ ಓಂಗೆ, ಮೈ ಕೇಳಿದರೆ ಹಾಫ್ ಮೂನ್ ತನಕ ಹೋಗಿ ಹಾಗೆಯೇ ವಾಪಸ್ ಬನ್ನಿ. ಹಾಫ್ ಮೂನಿಂದಾಚೆಯ ಬಂಡೆಗೆ ಮಕ್ಕಳನ್ನು ಕರೆದೊಯ್ಯಬೇಡಿ. ಹನ್ನೊಂದರೊಳಗೆ ಓಂಗೆ ಮರಳಿದರೆ ಬಿಸಿಲು ಬಲಿಯುವ ಹೊತ್ತಿಗೆ ರಿಕ್ಷಾದಲ್ಲಿರುತ್ತೀರಿ.

ಪೂರ್ತಿ ನಡೆದವರು ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದರೆ ಒಂದು ಮಾತು: ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿಲೋಮೀಟರ್ ದೂರ ಇದೆ, ರಾತ್ರಿ ರಿಕ್ಷಾ ಹುಡುಕುವುದು ಕಷ್ಟ. ಸ್ನಾನಕ್ಕೆ ಮೊದಲೇ ರಿಕ್ಷಾದವರ ಜೊತೆ ಹೊತ್ತು ಮಾತಾಡಿಟ್ಟುಕೊಳ್ಳಿ.